ಅಕ್ಷರ ಕಲಿಸದ ಡಿಸೈನ್ ಪದವಿಗೆ ಹೊಲ ಅಡ ಇಡಬೇಕೇ? ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ಹಾಗೂ ಗ್ರಾಫಿಕ್ ಡಿಸೈನ್, ಅನ್ವಯಿಕ ಕಲೆಯ ಕೋರ್ಸ್‌ಗಳನ್ನು ನಡೆಸುತ್ತಿರುವ ಕುಲಪತಿಗಳಿಗೆ, ಪ್ರಾಂಶುಪಾಲರಿಗೆ ನಮಸ್ಕಾರಗಳು.

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುವಾರ ಮುಳಗುಂದದ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಗದಗಿನ ನನ್ನ ಅಂಗಡಿಗೆ ಬಂದರು. ನಾನು ಇಲ್ಲಿ ಹದಿನೇಳು ವರ್ಷದಿಂದ ಡಿಸೈನ್ ಮತ್ತು ಪ್ರಿಂಟಿಂಗ್ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಪುಸ್ತಕದ ಮುಖಪುಟ, ಬೀಜದ ಚೀಲ, ಜಾತ್ರೆಯ ಕರಪತ್ರ, ಶಾಲೆಯ ನೋಟ್‌ಬುಕ್ಕು, ಹೀಗೆ ಊರಿಗೆ ಬೇಕಾದದ್ದೆಲ್ಲ. ಆ ರೈತರ ದೊಡ್ಡ ಮಗಳ ಲಗ್ನಪತ್ರಿಕೆ ಮಾಡಿಕೊಟ್ಟದ್ದೂ ನಾನೇ. ಅವರು ಪ್ಲಾಸ್ಟಿಕ್ ಚೀಲದಿಂದ ಒಂದು ನುಣುಪಾದ ಪುಸ್ತಿಕೆ ತೆಗೆದು ಮೇಜಿನ ಮೇಲಿಟ್ಟರು. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನದು. ನಾಲ್ಕು ವರ್ಷದ ಪದವಿ, ವರ್ಷಕ್ಕೆ ನಾಲ್ಕೂವರೆ ಲಕ್ಷ ಶುಲ್ಕ, ಹಾಸ್ಟೆಲ್ ಖರ್ಚು ಬೇರೆ. ಕೊನೆಯ ಪುಟದಲ್ಲಿ ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಎಂದಿತ್ತು. ಅದರ ಕೆಳಗೆ, ತಿಳಿ ಬೂದು ಬಣ್ಣದಲ್ಲಿ, ಓದಲು ಕನ್ನಡಕ ಬೇಕಾಗುವಷ್ಟು ಸಣ್ಣದಾಗಿ 'ಅಸಿಸ್ಟೆನ್ಸ್' ಎಂಬ ಇನ್ನೊಂದು ಪದವಿತ್ತು, ಅಂದರೆ ಕೆಲಸ ಹುಡುಕಲು ನೆರವು ಮಾತ್ರ. ಪುಸ್ತಿಕೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಆ ಸಣ್ಣ ಪದವನ್ನು ಅವರು ಓದಿರಲಿಲ್ಲ, ಮಗಳೂ ಗಮನಿಸಿರಲಿಲ್ಲ.

"ನಾಕು ಎಕರೆ ಐತ್ರಿ. ಎರಡು ಎಕರೆ ಬ್ಯಾಂಕಿಗೆ ಹಚ್ಚಿದರ ಆಕ್ಕೈತಿ. ಓದಿ ಮುಗಿಸಿದ ಮ್ಯಾಲೆ ಇದರಾಗ ಹೊಟ್ಟಿ ತುಂಬತೈತೇನ್ರಿ? ನೀವು ಈ ಕೆಲಸದಾಗ ಇರಾವ್ರು, ಖರೇ ಹೇಳ್ರಿ" ಅಂದರು.

ಖರೇ ಹೇಳಲು ಆ ದಿನ ನನ್ನಿಂದ ಆಗಲಿಲ್ಲ. ಚಹಾ ತರಿಸಿದೆ. ಎರಡು ದಿನ ಬಿಟ್ಟು ಬನ್ನಿ ಅಂದೆ. ಕೂತು ಯೋಚಿಸಿದಾಗ, ಅವರ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಅರ್ಧ ಉತ್ತರ, ಉಳಿದರ್ಧ ಇರುವುದು ನಿಮ್ಮ ಹತ್ತಿರ ಅನ್ನಿಸಿತು. ಅದಕ್ಕಾಗಿ ಈ ಪತ್ರ.

ನನ್ನ ಪಾಲಿನ ಅರ್ಧವನ್ನು ಮೊದಲು ಹೇಳುತ್ತೇನೆ. ಕಳೆದ ದಸರಾ ಮುಗಿದ ಮೇಲೆ ನನಗೊಬ್ಬ ಡಿಸೈನರ್ ಬೇಕಾಗಿತ್ತು. ತಿಂಗಳಿಗೆ ₹16,000. ಗದಗಿನಂಥ ಊರಲ್ಲಿ ನನ್ನಂಥ ಅಂಗಡಿ ಅದಕ್ಕಿಂತ ಹೆಚ್ಚು ಕೊಡುವುದು ಕಷ್ಟ. ನಾಲ್ಕಾರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕಿದೆ. ಮೂರು ದಿನದಲ್ಲಿ ನೂರಾ ನಲವತ್ತಕ್ಕೂ ಹೆಚ್ಚು ಅರ್ಜಿ ಬಂದವು. ಬಳ್ಳಾರಿ, ವಿಜಯಪುರ, ರಾಯಚೂರಿನಿಂದ ಬಂದವು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಲಾಗದೆ ಊರಿಗೆ ಮರಳಿದವರಿಂದಲೂ ಬಂದವು. ಬಿ.ಡಿಸೈನ್ ಆದವರು, ಬಿಎಫ್‌ಎ ಆದವರು, ಎಂಜಿನಿಯರಿಂಗ್ ಮುಗಿಸಿ ಮೂರು ತಿಂಗಳ ಕೋರ್ಸ್ ಮಾಡಿಕೊಂಡವರು ಎಲ್ಲರೂ ಇದ್ದರು. ಒಂದು ವಾರ ರಾತ್ರಿ ಕೂತು ಒಬ್ಬೊಬ್ಬರದೇ ಕೆಲಸ ನೋಡಿದೆ. ಒಂದು ಕಾಲ್ಪನಿಕ ಕಾಫಿ ಅಂಗಡಿಯ ಲೋಗೊ, ಒಂದು ಬೂಟಿನ ಜಾಹೀರಾತು, ಹಾಡು ಕೇಳುವ ಆ್ಯಪ್‌ಗೆ ಹೊಸ ರೂಪ, ಒಂದು ಸುಗಂಧದ ಬಾಟಲಿ. ಹತ್ತಕ್ಕೆ ಒಂಬತ್ತು ಮಂದಿಯದು ಇದೇ. ಕೆಲಸ ಕೆಟ್ಟದಾಗಿತ್ತು ಎಂದು ನಾನು ಹೇಳಲಾರೆ, ಕೆಲವರ ಕೈ ನನ್ನ ಕೈಗಿಂತ ಪಳಗಿದೆ. ಆದರೆ ಆ ನೂರಾ ನಲವತ್ತರಲ್ಲಿ ಕನ್ನಡದ ಒಂದೇ ಒಂದು ಸಾಲನ್ನಾದರೂ ವಿನ್ಯಾಸ ಮಾಡಿ ತೋರಿಸಿದವರು ಒಂದು ಕೈಯ ಬೆರಳಿನಷ್ಟೂ ಇರಲಿಲ್ಲ.

ಎಂಟು ಜನರನ್ನು ಕರೆದು ಪರೀಕ್ಷೆ ಕೊಟ್ಟೆ. ಆರೋಗ್ಯ ಶಿಬಿರದ ಒಂದು ಕರಪತ್ರ, ತಲೆಬರಹ 'ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮ'. ಬೇಕೆಂದೇ ಆ ಸಾಲು ಕೊಟ್ಟಿದ್ದೆ. ಅದರಲ್ಲಿ 'ಷ್ಟ್ರೀ' ಇದೆ: ಷಕಾರದ ಕೆಳಗೆ ಟಕಾರದ ಒತ್ತು, ಅದಕ್ಕೆ ರಕಾರದ ಒತ್ತು, ಮೇಲೆ ಗುಡಿಸು, ಬಲಕ್ಕೆ ದೀರ್ಘ. ಅರ್ಕಾವೊತ್ತು ಎರಡು ಕಡೆ ಬರುತ್ತದೆ. ನಾಲ್ಕು ವರ್ಷದ ಪದವಿ ಮುಗಿಸಿದ ಒಬ್ಬ ಹುಡುಗ ಆ ಸಾಲನ್ನು ಫೋಟೋಶಾಪ್‌ಗೆ ತಂದು ಹಾಕಿದ. ಒತ್ತುಗಳೆಲ್ಲ ಬಿಚ್ಚಿಕೊಂಡು ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತವು. ಅವನು ಫಾಂಟ್ ಬದಲಿಸಿದ. ಮತ್ತೊಂದು, ಮಗದೊಂದು. ಅರ್ಧ ಗಂಟೆ ಹಾಗೇ ಬೆವರಿದ. ಫಾಂಟ್‌ನದು ಏನೂ ತಪ್ಪಿರಲಿಲ್ಲ. ಆ ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ 'ಟೈಪ್' ಎಂಬ ಕಡೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಒತ್ತಬೇಕಿತ್ತು, ಅಷ್ಟೇ. ಎರಡು ನಿಮಿಷದ ಕೆಲಸ. ತೋರಿಸಿಕೊಟ್ಟೆ. ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂತದ್ದನ್ನು ನೋಡಿ ಅವನ ಮುಖ ಬಾಡಿತು. "ಸರ್, ನಾಲ್ಕು ವರ್ಷದಲ್ಲಿ ಕನ್ನಡದಲ್ಲಿ ಒಂದೂ ಅಸೈನ್‌ಮೆಂಟ್ ಕೊಟ್ಟಿಲ್ಲ" ಅಂದ. ಅವನ ಅಂಕಪಟ್ಟಿಯಲ್ಲಿ ಟೈಪೋಗ್ರಫಿ ವಿಷಯಕ್ಕೆ 'ಎ' ಗ್ರೇಡ್ ಇತ್ತು.

ಇನ್ನೊಬ್ಬಳಿಗೆ ಮ್ಯಾಟರ್ ಕೊಟ್ಟದ್ದು 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಆಸ್ಕಿ ಫೈಲಿನಲ್ಲಿ, ಅದರದೇ ಫಾಂಟ್ ಇಲ್ಲದಿದ್ದರೆ ಓದಲಾಗದ ಬಗೆಯದು. ಅವಳ ಲ್ಯಾಪ್‌ಟಾಪಿನಲ್ಲಿ ಅದು ತಲೆಬುಡವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಂಡಿತು. ಫೈಲು ಕೆಟ್ಟಿದೆ ಅಂದಳು. ನಮ್ಮ ರಾಜ್ಯದ ಪ್ರೆಸ್ಸುಗಳಲ್ಲಿ, ಪ್ರಕಾಶಕರಲ್ಲಿ, ಕಚೇರಿಗಳಲ್ಲಿ ಇರುವ ಹಳೆಯ ಕನ್ನಡ ಪಠ್ಯದ ದೊಡ್ಡ ಪಾಲು ಇಂದಿಗೂ ನುಡಿ, ಬರಹ, ಶ್ರೀಲಿಪಿಯ ಹಳೆಯ ಎನ್‌ಕೋಡಿಂಗ್‌ನಲ್ಲೇ ಕೂತಿದೆ. ಅದನ್ನು ಈಗಿನ ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್‌ಗೆ ತರುವುದು, ತರುವಾಗ ಮುರಿದ ಅಕ್ಷರಗಳನ್ನು ಹುಡುಕಿ ತಿದ್ದುವುದು ನಮ್ಮ ಅಂಗಡಿಯ ದಿನನಿತ್ಯದ ಕೆಲಸ. ಈ ಲೋಕವೊಂದಿದೆ ಎಂಬುದನ್ನೇ ಆಕೆಗೆ ಯಾರೂ ಹೇಳಿರಲಿಲ್ಲ. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರ ಅಪ್ಪ-ಅಮ್ಮಂದಿರು ಲಕ್ಷಗಟ್ಟಲೆ ಕಟ್ಟಿದ್ದು ಯಾವುದಕ್ಕೆ ಎಂಬ ಪ್ರಶ್ನೆ ಮಾತ್ರ ಇನ್ನೂ ಕೊರೆಯುತ್ತಿದೆ.

ಮಾರುಕಟ್ಟೆ ತುಂಬಿ ತುಳುಕುತ್ತಿದೆ ಎನ್ನುವುದರಲ್ಲಿ ಅನುಮಾನ ಬೇಡ. ಹಬ್ಬದ ಶುಭಾಶಯ, ಹುಟ್ಟುಹಬ್ಬದ ಬ್ಯಾನರು, ಅಂಗಡಿ ಉದ್ಘಾಟನೆಯ ಪೋಸ್ಟರು, ಹೊಸಬರು ಇಂಥ ಸಣ್ಣ ಕೆಲಸಗಳಿಂದಲೇ ಕೈ ತಿದ್ದಿಕೊಳ್ಳುತ್ತಿದ್ದರು. ಈಗ ಗಿರಾಕಿಗಳು ಕ್ಯಾನ್ವಾ ಎಂಬ ಆ್ಯಪ್‌ನಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ಹೊರದೇಶದ ಯಾರೋ ಐನೂರು ರೂಪಾಯಿಗೆ ಲೋಗೊ ಮಾಡಿಕೊಡುತ್ತಾರೆ. 2022ರಿಂದೀಚೆಗೆ ಚಿತ್ರ ಬರೆಯುವ ಎಐ ಬಂದ ಮೇಲೆ ಪೋಸ್ಟರಿನ ಹಿನ್ನೆಲೆ, ಪುಸ್ತಕದ ಮುಖಪುಟದ ಚಿತ್ರ, ಉತ್ಪನ್ನದ ಫೋಟೋ ಎಲ್ಲವೂ ಒಂದು ಸಾಲು ಟೈಪ್ ಮಾಡಿದರೆ ಸಿಗುತ್ತವೆ. ಶುರುವಿನಲ್ಲಿ ಈ ಯಂತ್ರಗಳಿಗೆ ಕನ್ನಡ ಬರೆಯಲು ಹೇಳಿದರೆ ಕನ್ನಡದಂತೆ ಕಾಣುವ, ಆದರೆ ಯಾವ ಅಕ್ಷರವೂ ಅಲ್ಲದ ಸುರುಳಿಗಳು ಬರುತ್ತಿದ್ದವು. ಈಗ ಸುಧಾರಿಸುತ್ತಿವೆ. ನಾಳೆ ಇನ್ನೂ ಸುಧಾರಿಸಬಹುದು. ಯಂತ್ರಕ್ಕೆ ಕನ್ನಡ ಬರುವುದಿಲ್ಲ, ಹಾಗಾಗಿ ನಮ್ಮ ಕೆಲಸ ಭದ್ರ ಎಂದು ನಾನು ಆ ರೈತರಿಗೆ ಹೇಳಿದರೆ ಅದು ಸುಳ್ಳಾಗುತ್ತದೆ.

ಇದನ್ನು ಹೇಳುವಾಗ ನನ್ನ ಅಪ್ಪ ನೆನಪಾಗುತ್ತಾರೆ. ಅವರು ಬೋರ್ಡ್ ಪೇಂಟರ್. ಬೆಟಗೇರಿಯ ನೇಕಾರರ ಓಣಿಯಿಂದ ಗದಗಿನ ಸ್ಟೇಷನ್ ರಸ್ತೆಯವರೆಗೆ ಅವರು ಬರೆದ ಬೋರ್ಡುಗಳಿದ್ದವು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ, ಎರಡೂ ಕಡೆ ಹಿಡಿದು, ನಡುವೆ ಎಳೆದು ಬಿಟ್ಟರೆ ತಗಡಿನ ಮೇಲೆ ನೆಟ್ಟಗೆ ಗೆರೆ ಬೀಳುತ್ತಿತ್ತು. ಚಿಕ್ಕವನಾಗಿ ದಾರದ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು. ಒಮ್ಮೆ ಅವರು ಬರುವ ಮೊದಲೇ ನಾನು ಅವಸರದಿಂದ ಗೆರೆ ಹೊಡೆದುಬಿಟ್ಟಿದ್ದೆ. ಅವರು ಬಂದು ನೋಡಿ, ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ, "ಮೊದಲ ಒತ್ತು ಎಲ್ಲೆಲ್ಲಿ ಬರತಾವ ನೋಡು, ಆಮ್ಯಾಲೆ ಗೆರಿ ಹೊಡಿ" ಅಂದರು. ಇಂಗ್ಲಿಷ್ ಅಕ್ಷರಕ್ಕೆ ನಡುಮಟ್ಟದಲ್ಲಿ ಗೆರೆ ಎಳೆದರೆ ನಡೆಯುತ್ತದೆ. ಕನ್ನಡದಲ್ಲಿ 'ಅಕ್ಕಮಹಾದೇವಿ ಸ್ಟೋರ್ಸ್' ಎಂದು ಬರೆಯುವ ಮೊದಲು ಕೆಳಗೆ ಒತ್ತಿಗೆ ಎಷ್ಟು ಜಾಗ ಬೇಕು, ಮೇಲೆ ಗುಡಿಸು, ಏತ್ವಕ್ಕೆ ಎಷ್ಟು ಬೇಕು, ಎರಡನೆಯ ಸಾಲಿನ ತಲಕಟ್ಟಿಗೆ ಮೊದಲ ಸಾಲಿನ ಒತ್ತು ತಾಗುತ್ತದೆಯೇ ಎಂದು ಲೆಕ್ಕ ಹಾಕಬೇಕು. ಆ ಲೆಕ್ಕ ಅವರ ಕಣ್ಣಿನಲ್ಲೇ ಇತ್ತು. ಬರೆದು ಮುಗಿಸಿ ರಸ್ತೆ ದಾಟಿ ಆಚೆ ದಂಡೆಯಲ್ಲಿ ನಿಂತು ನೋಡುತ್ತಿದ್ದರು. ಒಂದು ವಟ್ರಸುಳಿ ದಪ್ಪ ಕಂಡರೂ ಮತ್ತೆ ಏಣಿ ಹತ್ತುತ್ತಿದ್ದರು.

ಫ್ಲೆಕ್ಸ್ ಬಂತು. ಐದಾರು ವರ್ಷದಲ್ಲಿ ಅಪ್ಪನ ಕೆಲಸ ಹೋಯಿತು. ಅಕ್ಷರದ ಮೇಲೆ ಅವರಿಗಿದ್ದ ಹಿಡಿತ ಅವರನ್ನು ಉಳಿಸಲಿಲ್ಲ, ಇದನ್ನು ನಾನು ಬಣ್ಣ ಹಚ್ಚಿ ಹೇಳುವುದಿಲ್ಲ. ಗಿರಾಕಿಗೆ ಬೇಕಾಗಿದ್ದದ್ದು ಅಗ್ಗದ, ನಾಳೆಯೇ ಸಿಗುವ, ಫೋಟೋ ಇರುವ ಬೋರ್ಡು. ಕೊನೆಯ ವರ್ಷಗಳಲ್ಲಿ ಅವರು ಗೋಡೆಗೆ ಸುಣ್ಣ ಬಳಿಯಲು ಹೋಗುತ್ತಿದ್ದರು. ಆದರೆ ನಾನು ಡ್ರಾಯಿಂಗ್ ಲೋಯರ್, ಹೈಯರ್ ಮುಗಿಸಿ, ಕಲಾ ಪದವಿ ಮಾಡಿ, ಕಂಪ್ಯೂಟರ್ ಮುಂದೆ ಕೂತಾಗ ನನ್ನ ಕೈ ಹಿಡಿದದ್ದು ಕಾಲೇಜಿನ ಪಾಠಕ್ಕಿಂತ ಹೆಚ್ಚಾಗಿ ಆ ದಾರ ಮತ್ತು ಆ ಗೆರೆ. ಯಂತ್ರ ಬದಲಾದಾಗ ಸಾಫ್ಟ್‌ವೇರ್ ಮಾತ್ರ ಗೊತ್ತಿದ್ದವರು ಮೂರು ಸಲ ಮೂಲೆಗೆ ಸರಿದದ್ದನ್ನು ನಾನು ಈ ಊರಲ್ಲೇ ಕಂಡಿದ್ದೇನೆ: ಪೇಜ್‌ಮೇಕರ್ ಹೋದಾಗ, ಕೋರಲ್‌ಡ್ರಾ ಬಲ್ಲವರು ಬೀದಿಗೊಬ್ಬರಾದಾಗ, ಈಗ ಕ್ಯಾನ್ವಾ ಬಂದಾಗ. ನಾಲ್ಕು ವರ್ಷ ಸಾಫ್ಟ್‌ವೇರನ್ನೇ ಕಲಿಸಿ ಪದವಿ ಕೊಡುವ ಕಾಲೇಜು ಮಗುವನ್ನು ನಾಲ್ಕನೆಯ ಸಲ ಮೂಲೆಗೆ ಸರಿಯಲು ತಯಾರು ಮಾಡುತ್ತಿದೆ.

ಹಾಗಾದರೆ ಕೆಲಸವೇ ಇಲ್ಲವೇ? ಸಚಿವರೇ, ನಮ್ಮ ಗೋಳು ಇರುವುದೇ ಇಲ್ಲಿ. ಕೆಲಸ ರಾಶಿ ಬಿದ್ದಿದೆ. ಅದನ್ನು ಮಾಡುವ ಕೈಗಳನ್ನು ನಾವು ತಯಾರು ಮಾಡುತ್ತಿಲ್ಲ, ಮಾಡಿದವರಿಗೆ ದುಡ್ಡು ಕೊಡುವ ವ್ಯವಸ್ಥೆಯನ್ನೂ ಕಟ್ಟಿಲ್ಲ.

ಒಂದು ವಸ್ತುವನ್ನು ಹತ್ತಿರದಿಂದ ತೋರಿಸುತ್ತೇನೆ. ನಮ್ಮ ಸೀಮೆಯ ರೈತರು ಹೆಸರು, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿಗೆ ಸಿಂಪಡಿಸುವ ಔಷಧದ ಡಬ್ಬಿಯೊಳಗೆ ಒಂದು ಮಡಚಿದ ಕಾಗದ ಇರುತ್ತದೆ. ನನ್ನ ಮೇಜಿನ ಮೇಲೆ ಈಗ ಒಂದಿದೆ. ಬಿಚ್ಚಿದರೆ ಒಂದು ಕೈಯಗಲ. ಅದರಲ್ಲಿ ಹಲವು ಭಾಷೆಗಳು ಒತ್ತಿಕೊಂಡು ಕೂತಿವೆ. ಕನ್ನಡದ ಪಾಲಿಗೆ ಬಂದದ್ದು ಎರಡು ಬೆರಳಗಲದ ಒಂದು ಕಾಲಂ. ಅಕ್ಷರ ಇರುವೆಗಿಂತ ಸಣ್ಣದು. ಒಂದು ಸಾಲಿನ ಒತ್ತು ಇನ್ನೊಂದು ಸಾಲಿನ ತಲಕಟ್ಟಿನ ಮೇಲೆ ಹತ್ತಿ ಕೂತಿದೆ, 'ಪ್ರತಿ ಎಕರೆಗೆ' ಎಂಬುದು ಸಾಲಿನ ಕೊನೆಯಲ್ಲಿ ಮುರಿದು ಪ್ರಮಾಣದ ಅಂಕಿ ಕೆಳಗಿನ ಸಾಲಿಗೆ ಹೋಗಿ ಬೇರೊಂದು ಬೆಳೆಯ ಹೆಸರಿನ ಪಕ್ಕ ನಿಂತಿದೆ. ಸಿಂಪಡಿಸಿದ ಮೇಲೆ ಎಷ್ಟು ದಿನ ಕೊಯ್ಲು ಮಾಡಬಾರದು, ಮೈಮೇಲೆ ಬಿದ್ದರೆ ಏನು ಮಾಡಬೇಕು, ಹೊಟ್ಟೆಗೆ ಹೋದರೆ ಯಾವ ಚಿಕಿತ್ಸೆ ಎಂಬುದೆಲ್ಲ ಆ ಇರುವೆ ಸಾಲಿನೊಳಗೇ ಇದೆ. ಡಬ್ಬಿಯ ಲೇಬಲ್ಲಿನ ಮೇಲೆ ವಜ್ರಾಕಾರದ ಗುರುತಿರುತ್ತದಲ್ಲ, ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ್ದು? ಕೆಂಪಿನದು ಎಲ್ಲಕ್ಕಿಂತ ಹೆಚ್ಚು ವಿಷಕಾರಿ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ನನ್ನ ಅಂಗಡಿಗೆ ಬರುವ ರೈತರನ್ನು ಕೇಳಿ ನೋಡಿದ್ದೇನೆ, ಹಸಿರು ಗುರುತಿದ್ದರೆ ಬೆಳೆ ಹಸಿರಾಗುವ ಔಷಧ ಎಂದುಕೊಂಡವರೂ ಇದ್ದಾರೆ. ಇದು ಗ್ರಾಫಿಕ್ ಡಿಸೈನಿನ ಕೆಲಸ. ಬೂಟಿನ ಜಾಹೀರಾತಿಗಿಂತ ಕಠಿಣವಾದದ್ದು. ಕಡಿಮೆ ಜಾಗ, ಕಾನೂನಿನ ಕಟ್ಟಳೆ, ಮಬ್ಬು ಬೆಳಕು, ಒದ್ದೆ ಕೈ, ಓದುವವನ ಶಾಲೆ ಏಳನೆಯ ಇಯತ್ತೆಗೆ ನಿಂತಿರಬಹುದು. ಇಂಥದ್ದೊಂದನ್ನು ಪ್ರಾಜೆಕ್ಟ್ ಆಗಿ ಮಾಡಿ ತಂದ ಹುಡುಗ-ಹುಡುಗಿಯನ್ನು ನಾನು ಈವರೆಗೆ ಕಂಡಿಲ್ಲ.

ಬೋರ್ಡುಗಳ ವಿಷಯ ನಿಮಗೇ ಗೊತ್ತಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ-2022 ಎಂಬುದೊಂದಿದೆ. 2024ರ ತಿದ್ದುಪಡಿ ಆದ ಮೇಲೆ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಆ ಫೆಬ್ರುವರಿಯಲ್ಲಿ ಬೆಂಗಳೂರಿನ ಎಷ್ಟೋ ಅಂಗಡಿಗಳು ಗಡುವಿನ ಭಯಕ್ಕೆ ರಾತ್ರೋರಾತ್ರಿ ಬೋರ್ಡು ಬದಲಿಸಿದವು. ನಾನು ಆ ಕಾಯ್ದೆಯ ಪರ. ಆದರೆ ಮುಂದಿನ ಸಲ ಬೆಂಗಳೂರಿನ ಯಾವುದಾದರೂ ದೊಡ್ಡ ರಸ್ತೆಯಲ್ಲಿ ಕಾರಿನ ಗಾಜು ಇಳಿಸಿ ನೋಡಿ. 'ಎಲೆಕ್ಟ್ರಾನಿಕ್ಸ್' ಎಂಬಲ್ಲಿ ಕಕಾರದ ಕೆಳಗಿನ ಒತ್ತುಗಳು ಬೋರ್ಡಿನ ಅಂಚಿಗೆ ಸಿಕ್ಕಿ ತುಂಡಾಗಿವೆ. ಇಂಗ್ಲಿಷ್ ಹೆಸರಿಗೆ ಆ ಬ್ರ್ಯಾಂಡಿನದೇ ಚೆಂದದ ಅಕ್ಷರ, ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ ಫಾಂಟ್, ಅದನ್ನೂ ಅಗಲಕ್ಕೆ ಎಳೆದು ಹಿಗ್ಗಿಸಿದ್ದು. ಕೆಲವು ಕಡೆ ಕಾಗುಣಿತವೇ ತಪ್ಪು. ಕಾನೂನು ಅಳೆಯುವುದು ಜಾಗವನ್ನು, ಓದಲು ಬರುತ್ತದೆಯೇ ಎಂಬುದನ್ನಲ್ಲ. ಅಷ್ಟು ಬೋರ್ಡುಗಳಿಗೆ ಕನ್ನಡದ ಹೆಸರನ್ನು ಆ ಬ್ರ್ಯಾಂಡಿನ ಗುಣಕ್ಕೆ ಒಗ್ಗುವಂತೆ ಬರೆಯಬಲ್ಲ ಡಿಸೈನರುಗಳು ನಮ್ಮಲ್ಲಿದ್ದಿದ್ದರೆ ಆ ಒಂದು ತಿದ್ದುಪಡಿಯಿಂದ ಎಷ್ಟೋ ಮಕ್ಕಳಿಗೆ ವರ್ಷಗಟ್ಟಲೆ ಕೆಲಸ ಸಿಗುತ್ತಿತ್ತು. ಕಾಯ್ದೆ ಮಾಡಿದ ಸರ್ಕಾರದ ಕೈಯಲ್ಲೇ ಪಠ್ಯಕ್ರಮವೂ ಇತ್ತು.

ಫಾಂಟ್‌ಗಳದೂ ಇದೇ ಕಥೆ. ಗೂಗಲ್ ಫಾಂಟ್ಸ್‌ನಲ್ಲಿ ಇಂಗ್ಲಿಷಿನ ಅಕ್ಷರಗಳಿಗೆ ಸಾವಿರಕ್ಕೂ ಹೆಚ್ಚು ಬಗೆ ಇವೆ, ಕನ್ನಡಕ್ಕೆ ಇರುವುದು ಅದರ ಒಂದು ಸಣ್ಣ ಪಾಲು. ಇಂದು ಕನ್ನಡ ಪೋಸ್ಟರುಗಳಲ್ಲಿ ಎಲ್ಲೆಲ್ಲೂ ಕಾಣುವ ದುಂಡನೆಯ 'ಬಾಲೂ ತಮ್ಮ' ಬಂದದ್ದು ಮುಂಬೈನ ಎಕ್ ಟೈಪ್ ತಂಡದಿಂದ. ಅವರಿಗೆ ನನ್ನ ಕೃತಜ್ಞತೆ ಇದೆ. ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಅಚ್ಚು ಹಾಕಿದ ನಾಡು ನಮ್ಮದು, ಕನ್ನಡವನ್ನು ಕೀಬೋರ್ಡಿಗೆ ಒಗ್ಗಿಸಿದ ಕೆ.ಪಿ. ರಾವ್ ಅವರಂಥವರ ನಾಡು. ನಮ್ಮ ಎಷ್ಟು ಡಿಸೈನ್ ತರಗತಿಗಳಲ್ಲಿ ಇಂದು ಒಬ್ಬ ವಿದ್ಯಾರ್ಥಿ 'ಳ' ಅಕ್ಷರವನ್ನು ಕೈಯಿಂದ ಐವತ್ತು ಸಲ ಬರೆದು ನೋಡುತ್ತಾನೆ?

ಈಗ ನಿಮ್ಮ ಪಾಲಿನ ಅರ್ಧ.

ಕರ್ನಾಟಕದಲ್ಲಿ ಕೊಡುವ ಪ್ರತಿ ಡಿಸೈನ್ ಪದವಿಯಲ್ಲೂ ಕನ್ನಡ ಅಕ್ಷರ ವಿನ್ಯಾಸ ಕಡ್ಡಾಯವಾಗಿರಲಿ, ಒಂದು ದಿನದ ಕಾರ್ಯಾಗಾರವಾಗಿ ಅಲ್ಲ, ಕನಿಷ್ಠ ಎರಡು ಸೆಮಿಸ್ಟರಿನ ಪೂರ್ಣ ವಿಷಯವಾಗಿ. ಬೇರೆ ರಾಜ್ಯದಿಂದ ಬಂದ ಮಕ್ಕಳು ತಮ್ಮ ಲಿಪಿಯಲ್ಲಿ ಮಾಡಲಿ, ಬೇಡವೆನ್ನುವುದಿಲ್ಲ. ಕಲಿಸಲು ಜನರಿಲ್ಲ ಎನ್ನಬೇಡಿ. ಏಣಿ ಇಳಿದು ಮನೆಯಲ್ಲಿ ಕೂತಿರುವ ಹಳೆಯ ಪೇಂಟರುಗಳು ಇನ್ನೂ ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಪದವಿ ಇರುವುದಿಲ್ಲ, ಯುಜಿಸಿ ನಿಯಮಕ್ಕೆ ಹೊಂದುವುದಿಲ್ಲ. ಗೌರವಧನದ ಮೇಲೆ ವಾರಕ್ಕೆರಡು ದಿನ ಕರೆಸಲು ಯಾವ ನಿಯಮ ಅಡ್ಡ ಬರುತ್ತದೋ ಅದನ್ನು ಸರಿಪಡಿಸುವುದು ನಿಮ್ಮ ಕೈಯಲ್ಲಿದೆ. ತಡ ಮಾಡಿದರೆ ಅವರೂ ಉಳಿಯುವುದಿಲ್ಲ. ನನ್ನ ಅಪ್ಪ ಉಳಿಯಲಿಲ್ಲ.

ಎರಡನೆಯದು ಲೆಕ್ಕದ ವಿಷಯ. ಪ್ರತಿ ಕಾಲೇಜೂ ಹಿಂದಿನ ಮೂರು ವರ್ಷದಲ್ಲಿ ಪಾಸಾದವರೆಷ್ಟು, ಅವರಲ್ಲಿ ಡಿಸೈನ್ ಕೆಲಸದಲ್ಲೇ ಇರುವವರೆಷ್ಟು, ಮೊದಲ ಸಂಬಳ ಎಷ್ಟು ಎಂಬುದನ್ನು ಪ್ರವೇಶ ಪುಸ್ತಿಕೆಯ ಮೊದಲ ಪುಟದಲ್ಲಿ, ಶುಲ್ಕದ ಅಂಕಿ ಎಷ್ಟು ದೊಡ್ಡದಾಗಿರುತ್ತದೋ ಅಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಬೇಕೆಂದು ಆದೇಶ ಮಾಡಿ. ಒಬ್ಬ ತಂದೆ ಎರಡು ಎಕರೆ ಅಡ ಇಡುವ ಮೊದಲು ಆ ಮೂರು ಅಂಕಿ ನೋಡುವ ಹಕ್ಕು ಅವನಿಗಿದೆ. ನಾನು ಕಂಡಂತೆ ಹದಿನೆಂಟು ಲಕ್ಷ ಶುಲ್ಕ ಕಟ್ಟಿ ಬಂದವರೂ ಹುಬ್ಬಳ್ಳಿ, ಗದಗಿನಲ್ಲಿ ಶುರು ಮಾಡುವುದು ಹದಿನೈದು ಹದಿನಾರು ಸಾವಿರದಿಂದಲೇ. ಬೆಂಗಳೂರಿನಲ್ಲಿ ಇಪ್ಪತ್ತು ಇಪ್ಪತ್ತೈದು ಸಿಕ್ಕರೆ ಅರ್ಧ ಬಾಡಿಗೆಗೆ ಹೋಗುತ್ತದೆ. ಸಾಲದ ಕಂತು ಯಾವುದರಲ್ಲಿ ಕಟ್ಟಬೇಕು?

ಮೂರನೆಯದು ನಿಮ್ಮ ಇಲಾಖೆಯನ್ನು ಮೀರಿದ್ದು, ಆದರೂ ಸಂಪುಟದಲ್ಲಿ ನೀವು ಎತ್ತಬಹುದಾದದ್ದು. ಸರ್ಕಾರದ ಒಂದು ಕಚೇರಿಗೆ ಎರಡು ಲಕ್ಷ ಕರಪತ್ರ ಅಚ್ಚು ಹಾಕಿಕೊಡಲು ನಾನು ಒಮ್ಮೆ ದರಪಟ್ಟಿ ತುಂಬಿದ್ದೆ. ಯಾವ ಕಚೇರಿ ಎಂಬುದು ಮುಖ್ಯವಲ್ಲ. ಆ ನಮೂನೆಯಲ್ಲಿ ಕಾಗದದ ತೂಕಕ್ಕೆ ಒಂದು ಕಾಲಂ, ಬಣ್ಣಕ್ಕೆ ಒಂದು, ಮಡಿಕೆಗೆ ಒಂದು, ಸಾಗಣೆಗೆ ಒಂದು ಇತ್ತು. ವಿನ್ಯಾಸಕ್ಕೆ ಕಾಲಂ ಇರಲಿಲ್ಲ. ಕೇಳಿದರೆ, ಅದು ಪ್ರಿಂಟರ್‌ನದೇ ಜವಾಬ್ದಾರಿ ಅಂದರು. ಅಂದರೆ ಪುಕ್ಕಟೆ. ಎರಡು ಲಕ್ಷ ಮನೆಗಳಿಗೆ ಹೋಗುವ ಕಾಗದವನ್ನು ಓದುವ ಹಾಗೆ ಮಾಡುವುದು ಯಾರ ಕೆಲಸವೂ ಅಲ್ಲ! ದರಪಟ್ಟಿಯಲ್ಲಿ ಆ ಒಂದು ಕಾಲಂ ಸೇರಿಸಿದರೆ, ಅಚ್ಚಿಗೆ ಹೋಗುವ ಮೊದಲು ಹತ್ತು ಜನ ಸಾಮಾನ್ಯರಿಗೆ ಓದಲು ಕೊಟ್ಟು ನೋಡಬೇಕೆಂದು ಷರತ್ತು ಹಾಕಿದರೆ, ಜಿಲ್ಲೆ ಜಿಲ್ಲೆಗಳಲ್ಲಿ ಡಿಸೈನ್ ಕಲಿತವರಿಗೆ ಬೆಂಗಳೂರಿಗೆ ಹೋಗದೆಯೇ ಬದುಕು ಹುಟ್ಟುತ್ತದೆ.

ಹಣವಿಲ್ಲ ಎನ್ನುವ ಹಾಗಿಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಕೊಟ್ಟಿರಿ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಆದವರಿಗೆ ₹1,500, ಗರಿಷ್ಠ ಎರಡು ವರ್ಷ. ಒಬ್ಬ ಪದವೀಧರನಿಗೆ ಒಟ್ಟು ₹72,000 ಆಗುತ್ತದೆ. ನನ್ನ ಹತ್ತಿರ ಪರೀಕ್ಷೆಗೆ ಬಂದ ಎಂಟು ಜನರಲ್ಲಿ ಮೂವರು ಆ ಹಣ ಪಡೆಯುತ್ತಿದ್ದರು. ಅವರಿಗೆ ಅದು ಬೇಕಿತ್ತು, ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದೇ ಹಣಕ್ಕೆ ಇನ್ನಷ್ಟು ಸೇರಿಸಿ, ಒಂದು ವರ್ಷ ಜಿಲ್ಲೆಯ ಪ್ರೆಸ್ಸಿನಲ್ಲೋ, ಕೃಷಿ ಅಥವಾ ಆರೋಗ್ಯ ಇಲಾಖೆಯಲ್ಲೋ ಕೂರಿಸಿ ಕೆಲಸ ಕಲಿಸುವ ಏರ್ಪಾಡು ಮಾಡಿದರೆ ನನ್ನಂಥವರು ಒಬ್ಬರ ಬದಲು ಇಬ್ಬರನ್ನು ತೆಗೆದುಕೊಳ್ಳುತ್ತೇವೆ. ನಮ್ಮ ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು. ಕಲಿಯಲು ಬಂದವರಿಗೆ ಇಲ್ಲಿ ಯಂತ್ರಗಳ ಕೊರತೆಯಿಲ್ಲ.

ಎರಡು ದಿನ ಬಿಟ್ಟು ಆ ರೈತರು ಮತ್ತೆ ಬಂದರು. ನಾನು ಹೇಳಿದ್ದನ್ನು ಹೇಳಿದ ಹಾಗೇ ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಹೊಲ ಅಡ ಇಟ್ಟು ಈ ಪುಸ್ತಿಕೆಯ ಕಾಲೇಜಿಗೆ ಕಳಿಸಬೇಡಿ ಅಂದೆ. ಡಿಸೈನ್ ಓದುವುದೇ ಬೇಡ ಎಂದು ನಾನು ಹೇಳಲಿಲ್ಲ, ಹೇಳಲು ಮನಸ್ಸೂ ಬರಲಿಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ, ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜಿದೆ, ಅಲ್ಲೆಲ್ಲ ಶುಲ್ಕ ಖಾಸಗಿಯವರ ಹತ್ತಿರಕ್ಕೂ ಹೋಗುವುದಿಲ್ಲ. ಮಗಳಿಗೆ ಛಲವಿದ್ದರೆ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ), ಐಐಟಿಗಳ ಪ್ರವೇಶ ಪರೀಕ್ಷೆ ಬರೆಯಲಿ. ಬೆಂಗಳೂರಿನಲ್ಲಿರುವ ಎನ್‌ಐಡಿ ಕ್ಯಾಂಪಸ್ಸಿನಲ್ಲಿ ನಡೆಯುವುದು ಸ್ನಾತಕೋತ್ತರ ಕೋರ್ಸ್, ಪಿಯುಸಿ ಆದವರಿಗೆ ಅಲ್ಲಿ ಸೀಟಿಲ್ಲ ಎಂಬುದನ್ನೂ ಹೇಳಿದೆ, ಏಕೆಂದರೆ ಅವರು ಅದನ್ನೇ ನೆಚ್ಚಿಕೊಂಡಿದ್ದರು. ಇದರಲ್ಲಿ ದೊಡ್ಡ ದುಡ್ಡು ಬರಲು ಹತ್ತು ವರ್ಷ ಬೇಕು, ಬಾರದೆಯೂ ಇರಬಹುದು ಅಂದೆ. ಪ್ರವೇಶಕ್ಕೆ ಇನ್ನೂ ಸಮಯವಿದೆ, ಅಲ್ಲಿಯವರೆಗೆ ಬಸ್ಸಿನಲ್ಲಿ ಬಂದುಹೋಗಿ ಇಲ್ಲಿ ಕೂತು ಕಲಿಯಲಿ, ಈ ಕೆಲಸ ಅವಳಿಗೆ ಹಿಡಿಸುತ್ತದೋ ಇಲ್ಲವೋ ಒಂದು ತಿಂಗಳಲ್ಲಿ ಅವಳಿಗೇ ಗೊತ್ತಾಗುತ್ತದೆ ಅಂದೆ.

ಅಲ್ಲಿಯವರೆಗೆ ಆ ಹುಡುಗಿ ಒಂದು ಮಾತೂ ಆಡಿರಲಿಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಶಾಲೆಯ ಗ್ಯಾದರಿಂಗಿಗೆ, ಗಣಪತಿ ಹಬ್ಬಕ್ಕೆ, ಊರಿನ ಸಹಕಾರಿ ಸಂಘದ ಗೋಡೆಗೆ ಅವಳು ಬರೆದ ಅಕ್ಷರಗಳ ಕರಡು ಅದರಲ್ಲಿದ್ದವು. 'ಸ್ವಾಗತ' ಎಂಬ ಒಂದೇ ಪದವನ್ನು ಹನ್ನೊಂದು ಬಗೆಯಲ್ಲಿ ಬರೆದಿದ್ದಳು. ಸಕಾರದ ಕೆಳಗಿನ ವಕಾರದ ಒತ್ತನ್ನು ಒಂದರಲ್ಲಿ ಗಕಾರದ ಕಾಲಿನವರೆಗೆ ಬಳ್ಳಿಯಂತೆ ಎಳೆದು ತಂದಿದ್ದಳು. ಯಾರು ಹೇಳಿಕೊಟ್ಟರು ಎಂದು ಕೇಳಿದೆ. "ಯಾರೂ ಇಲ್ರಿ" ಅಂದಳು.

ಈಗ ಮೂರು ವಾರದಿಂದ ದಿನಾ ಬರುತ್ತಿದ್ದಾಳೆ. ಔಷಧದ ಡಬ್ಬಿಯ ಆ ಕಾಗದವನ್ನೇ ಅವಳಿಗೆ ಕೊಟ್ಟಿದ್ದೇನೆ, ಕನ್ನಡದ ಭಾಗವನ್ನಷ್ಟೇ ಹೊಸದಾಗಿ ಜೋಡಿಸಲು. ಯಾವ ಕಂಪನಿಯೂ ನಮ್ಮನ್ನು ಕೇಳಿಲ್ಲ, ಯಾರೂ ದುಡ್ಡು ಕೊಡುವುದಿಲ್ಲ. ಮೊದಲ ಕರಡನ್ನು ಅವಳು ತನ್ನ ಅಪ್ಪನಿಗೆ, ಕಾಕಾನಿಗೆ ಓದಲು ಕೊಟ್ಟಳಂತೆ. ಕಾಕಾ ಪ್ರಮಾಣದ ಸಾಲಿನಲ್ಲಿ ತಡವರಿಸಿದ. ನಿನ್ನೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಪರದೆಯಿಂದ ಮುಖ ಎತ್ತದೆ ಕೇಳಿದಳು: "ಸರ್, ಒತ್ತು ಇಲ್ಲಿ ತಾಗತೈತ್ರಿ. 'ಪ್ರತಿ ಎಕರೆಗೆ' ಅನ್ನೋದನ್ನ ಕೆಳಗ ಇಳಿಸಿ, ಅಂಕಿ ಅದರ ಬಾಜೂಕ ತರಲೇನ್ರಿ?"

ಇಂತಿ ತಮ್ಮ ವಿಶ್ವಾಸಿ,
ಗದಗ-ಬೆಟಗೇರಿಯ ಒಬ್ಬ ಡಿಸೈನರ್